ಟವಲು ಕಟ್ಟಿ ಆರಿಸಿದ ಡಬ್ಬಿ

ಹೊಸಪೇಟೆಯ ಕಂಪ್ಯೂಟರ್ ಅಂಗಡಿಯವರು ನಮ್ಮ ಸೋದರಮಾವನನ್ನು ದೂರದಿಂದ ಕಂಡರೆ ಸಾಕು, ಊಟಕ್ಕೆ ಹೊತ್ತಾಯಿತೆಂದು ಶಟರ್ ಎಳೆಯುತ್ತಾರೆ. ಅದೂ ಬೆಳಿಗ್ಗೆ ಹತ್ತೂವರೆಗೆ!

ಮಾವನಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಪರದೆಯ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಕೊಂಡು ಲ್ಯಾಪ್‌ಟಾಪನ್ನು ನನಗಿಂತ ಚೆನ್ನಾಗಿ ಆಳುತ್ತಾರೆ. ಈಗ ಅದಕ್ಕೆ ಮೈಕು ಜೋಡಿಸುವ ಡಬ್ಬಿ, ಅಂದರೆ ಆಡಿಯೋ ಇಂಟರ್‌ಫೇಸ್, ಬೇಕಾಗಿತ್ತು. ಕಾರಣ ಅತ್ತೆ. ಬರುವ ವಾರ ಅವರ ಗಂಟಲಿಗೆ ಆಪರೇಷನ್. ದನಿ ಮೊದಲಿನಂತೆಯೇ ಉಳಿಯುತ್ತದೆಂದು ಹೇಳಲಾಗದು ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಅವರ ಹಾಡು ರೆಕಾರ್ಡ್ ಆಗಬೇಕು.

ಸರಿ, ನಾನೂ ಮಾವನೂ ಕಮಲಾಪುರದಿಂದ ಹೊಸಪೇಟೆಯ ಬಸ್ಸು ಹತ್ತಿದೆವು. ಮಾವನ ಪರೀಕ್ಷೆ ಒಂದೇ. ಹೆಗಲ ಮೇಲಿನ ಟವಲು ತೆಗೆದು ಅಂಗಡಿಯವನ ಕೈಗೆ ಕೊಡುವುದು.

"ಕಣ್ಣಿಗೆ ಕಟ್ಕೊಂಡು ಹಚ್ಚಿ ತೋರಸ್ರಿ. ನಿಮಗ ಬಂತಂದ್ರ ತಗೋತೀನಿ."

ಮೊದಲನೆಯವನು ಕಟ್ಟಿಕೊಂಡ, ಪಾಪ. ಡಬ್ಬಿಯ ಮೈಯೆಲ್ಲ ನುಣುಪು, ಬೆರಳು ತಾಗಿಸಿದರೆ ಸಾಕು ಎನ್ನುವ ಜಾತಿಯದು. ಎರಡು ನಿಮಿಷ ತಡಕಾಡಿ ಪಕ್ಕದ ಕ್ಯಾಲ್ಕುಲೇಟರ್ ಒತ್ತಿದ.

"ಕಣ್ಣಿದ್ದೋರ ಹಣೆಬರಹ ಇಷ್ಟ," ಎಂದು ಮಾವ ಟವಲು ವಾಪಸು ಪಡೆದರು.

ಎರಡನೆಯ ಅಂಗಡಿಯ ಡಬ್ಬಿಯದು ಎಲ್ಲವೂ ಪರದೆಯ ಮೇಲಿನ ಚಿತ್ರಗಳಲ್ಲೇ. ಸ್ಕ್ರೀನ್ ರೀಡರ್ "ಬಟನ್, ಬಟನ್, ಬಟನ್" ಎಂದಷ್ಟೇ ಓದಿತು. ಯಾವ ಬಟನ್ ಎಂದು ಅದಕ್ಕೂ ಗೊತ್ತಿಲ್ಲ!

"ಮೊದ್ಲು ಇವುಕ್ಕ ತೊಟ್ಲದ ಕಾರ್ಯ ಮಾಡಿ ಹೆಸರಿಡ್ರಿ. ಆಮ್ಯಾಲೆ ಬರ್ತೀವಿ," ಎಂದು ಮಾವ ಎದ್ದರು.

ಕೊನೆಗೆ ಸಂಡೂರಿನ ಮೈಕ್‌ಸೆಟ್ ಅಂಗಡಿಯಲ್ಲಿ ಹಳೆಯದೊಂದು ಸಿಕ್ಕಿತು. ಸಂದಿಯಲ್ಲೆಲ್ಲ ಅದಿರಿನ ಕೆಂಪು ಧೂಳು. ಆದರೆ ಪ್ರತಿಯೊಂದಕ್ಕೂ ತಿರುವುವ ಗುಂಡಿ, ಟಕ್ ಎನ್ನುವ ಸ್ವಿಚ್ಚು. ಅಂಗಡಿಯವರು ಟವಲು ಕಟ್ಟಿಕೊಂಡೇ ಮೈಕು ಹಚ್ಚಿ "ಹಲೋ" ಎಂದುಬಿಟ್ಟರು!

ಮನೆಯಲ್ಲಿ ಅತ್ತೆ ಹಾಡಲು ಕೂತರು. ಸಂಭ್ರಮದಲ್ಲಿ ಮಾವ ಹೆಡ್‌ಫೋನ್ ಹಚ್ಚುವುದನ್ನೇ ಮರೆತಿದ್ದರು. ಸೋಬಾನೆ ಪದದ ನಡುವೆ ಲ್ಯಾಪ್‌ಟಾಪಿನ ಹೆಣ್ಣುದನಿ "ಬ್ಯಾಟರಿ ಹದಿನೈದು ಪರ್ಸೆಂಟ್" ಎಂದಿತು. ಮೈಕು ಅದನ್ನೂ ನಿಷ್ಠೆಯಿಂದ ಹಿಡಿದಿಟ್ಟಿತು.

"ಆಕಿಗೆ ಸುಮ್ಕಿರಾಕ ಹೇಳ್ರಿ! ನಾ ಹಾಡಬೇಕೋ, ಆಕಿ ಹಾಡಬೇಕೋ? ಒಂದ್ ಕೆಲ್ಸ ನೆಟ್ಟಗ ಮಾಡಂಗಿಲ್ಲ ನೀವು!"

ಈ ಬೈಗುಳವೂ ಸ್ವಚ್ಛವಾಗಿ ರೆಕಾರ್ಡ್ ಆಯಿತು. ಎರಡನೆಯ ಸಲ ಹಾಡು ಸರಿಯಾಗಿ ಬಂತು. ಮೊದಲಿನದನ್ನು ಅಳಿಸಲೇ ಎಂದೆ.

ಮಾವ ಕೈ ಅಡ್ಡ ಹಿಡಿದರು. "ಬ್ಯಾಡಲೇ. ನಿಮ್ಮ ಹತ್ರ ಆಕಿ ಫೋಟೋ ಅದಾವು. ನಾ ಒಂದ್ ಸಲಾನೂ ಆಕಿ ಮಕ ನೋಡಿಲ್ಲ. ನನಗ ಆಕಿ ಅಂದ್ರ ಈ ದನೀನ. ಹಾಡೋದೂ, ಬೈಯೋದೂ."

ನಾನು ಡಿಲೀಟ್ ಗುಂಡಿಯಿಂದ ಬೆರಳು ತೆಗೆದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹಂಗಾರ ಹಚ್ರಿ. ಇನ್ನೂ ಭಾಳ ಬೈಯೋದೈತಿ."