ಒರಗಬೇಡಿ, ಹಸಿ ಅದೆ

ಬಣ್ಣ ಬಳಿಯೋರು ಬಂದು ಏನೂ ಎಡವಟ್ಟಾಗದೆ ಕೆಲಸ ಮುಗಿಸಿಕೊಟ್ಟು ಹೋದ್ರು ಅಂತ ಯಾರಾದ್ರೂ ಹೇಳಿದ್ರೆ, ಆ ಮನೆಗೆ ನಾನು ಹೋಗಿರಲಿಲ್ಲ ಅಂತ ತಿಳ್ಕೊಳ್ಳಿ.

ನಾನು ಕೊಳ್ಳೇಗಾಲದವನು. ಹತ್ತನೇ ಕ್ಲಾಸಿನ ಗಣಿತಕ್ಕೂ ನನಗೂ ಎರಡು ಸಲ ಕುಸ್ತಿ ನಡೀತು. ಎರಡು ಸಲವೂ ಗಣಿತವೇ ಗೆಲ್ತು. ಆಮೇಲೆ ಅವ್ವ ನನ್ನನ್ನ ತನ್ನ ತಮ್ಮನ ಹಿಂದೆ ಅಟ್ಟಿದಳು. ಮಾವ ಪೇಂಟಿಂಗ್ ಮೇಸ್ತ್ರಿ. ಅವನ ಕೈಕೆಳಗೆ ನಾನು ಗೋಡೆಗೆ ಪುಟ್ಟಿ ಮೆತ್ತಬಹುದು, ಅದನ್ನ ಉಜ್ಜಿ ನುಣುಪು ಮಾಡಬಹುದು, ರೋಲರ್ ಓಡಿಸಬಹುದು. ಆದ್ರೆ ಗೋಡೆಯೂ ಸೀಲಿಂಗೂ ಸೇರೋ ಮೂಲೇಲಿ ಎರಡಿಂಚಿನ ಬ್ರಶ್ ಹಿಡಿದು ನೇರ ಗೆರೆ ಎಳೀತಾರಲ್ಲ, ಅದನ್ನ ಮಾತ್ರ ಮುಟ್ಟೋ ಹಾಗಿಲ್ಲ. ಆ ಗೆರೆ ಎಳೆಯೋನೇ ಪೇಂಟರ್ರು, ಮಿಕ್ಕೋರೆಲ್ಲ ಬಕೆಟ್ಟು ಹೊರೋರು. ಮಾವ ಆ ಬ್ರಶ್ಶನ್ನ ಸೊಂಟಕ್ಕೆ ಸಿಗಿಸ್ಕೊಂಡೇ ಊಟಕ್ಕೂ ಕೂರ್ತಾನೆ.

"ಮಾವ, ಒಂದ್ ಸಲ ಕೊಡು" ಅಂತ ಕೇಳಿದಾಗಲೆಲ್ಲ ಒಂದೇ ಉತ್ತರ. "ಒಂದೇ ಒಂದು ಮನೆ ತರಲೆ ಮಾಡ್ದಂಗೆ ಮುಗ್ಸ್ಲಾ. ಅವತ್ತೇ ಕೊಡ್ತೀನಿ."

ಒಂದು ಮನೆ ತಾನೆ, ಏನ್ ಮಹಾ, ಅಂದ್ಕೊಂಡೆ.

ಬಿಸಿಲು ಒಳಗೆ ಬಂತು

ಮೊದಲ ಮನೆ ನಮ್ಮೂರಲ್ಲೇ, ಮಗ್ಗದ ತಾತನದು. ಬಣ್ಣ ಆರಿಸೋಕೆ ಅಂತ ಮಾವ ಶೇಡ್ ಕಾರ್ಡ್ ಬಿಚ್ಚಿದ. ಬಿಳಿ ಅಂದ್ರೆ ಒಂದೇ ಬಣ್ಣ ಅಂತ ನೀವು ಅಂದ್ಕೊಂಡಿರ್ತೀರಿ. ಆ ಕಾರ್ಡಲ್ಲಿ ಎರಡು ಪುಟ ಬರೀ ಬಿಳಿ. ತಾತ ಕಾರ್ಡನ್ನ ಹಿಂದೆ ಮುಂದೆ ನೋಡಿ, "ಇದೇನಪ್ಪಾ, ಕಾಗದದ ಮೇಲೆ ಬಣ್ಣ ನೋಡ್ತಾರಾ?" ಅಂತ ಒಳಗೆ ಹೋಗಿ ಒಂದು ರೇಷ್ಮೆ ಲಡಿ ತಂದ್ರು. ಜೇನಿನ ಬಣ್ಣದ ನೂಲು. "ಇದು. ಇದೇ ಬೇಕು. ಒಂದ್ ಎಳೆ ಆಚೆ ಈಚೆ ಆಗ್ಕೂಡ್ದು."

ಅಂಗಡಿಯ ಮಿಕ್ಸಿಂಗ್ ಮಷೀನಿನವನು ಲಡಿ ಪಕ್ಕದಲ್ಲಿಟ್ಕೊಂಡು ಮೂರು ಸಲ ಕಲಸಿದ. ಗೋಡೆಗೆ ಬಳಿದ್ವಿ. ತಾತ ಟ್ಯೂಬ್‌ಲೈಟ್ ಆರಿಸಿ ತಲೆ ಅಲ್ಲಾಡಿಸಿದ್ರು.

"ಬಣ್ಣನ ಲೈಟ್ ಬೆಳಕಲ್ಲಿ ನೋಡೋನು ನೇಕಾರನೇ ಅಲ್ಲ. ಬಿಸಿಲಿಗೆ ಇಡಿದು ನೋಡ್ಬೇಕು."

ಮಾವ ಕೈ ಮುಗಿದ. "ತಾತ, ಸೀರೆಯಾದ್ರೆ ಬಿಸಿಲಿಗೆ ತಕ್ಕಂಡ್ ಓಗ್ಬೋದು. ಗೋಡೇನ ಎಂಗ್ ತಕ್ಕಂಡ್ ಓಗದು?"

"ಅದು ನಿನ್ ಕಷ್ಟ" ಅಂದ್ರು ತಾತ.

ಸುಮ್ನಿದ್ದಿದ್ರೆ ಅವತ್ತೇ ಬ್ರಶ್ ನನ್ನ ಕೈಲಿರ್ತಿತ್ತು. ಆದ್ರೆ ಅವರ ಸೊಸೆಯ ದೊಡ್ಡ ಕನ್ನಡಿ ಜಗಲಿಯ ಗೋಡೆಗೆ ಒರಗಿಸಿಟ್ಟಿದ್ರು. ಎತ್ಕೊಂಡು ಅಂಗಳಕ್ಕೆ ಹೋದೆ. ಬಿಸಿಲು ಹಿಡಿದು, ಕಿಟಕಿ ಮೂಲಕ ಒಳಗೆ ಬಿಟ್ಟೆ. ಮೊದಲು ಏಣಿ ಮೇಲಿದ್ದ ಮಾವನ ಕಣ್ಣಿಗೆ ಬಿಟ್ಟೆ, ಅದು ಬೇರೆ ಮಾತು. ಆಮೇಲೆ ಗೋಡೆ ಉದ್ದಕ್ಕೂ ಓರೆಯಾಗಿ ಬಿಟ್ಟೆ. ಹಾಗೆ ಓರೆಯಾಗಿ ಬಿದ್ದ ಬಿಸಿಲು ಬಣ್ಣದ ಜೊತೆಗೆ ನಾವು ಅವಸರದಲ್ಲಿ ಉಜ್ಜದೆ ಬಿಟ್ಟಿದ್ದ ಪುಟ್ಟಿಯನ್ನೂ ತೋರಿಸ್ತದೆ ಅಂತ ನನಗೇನು ಗೊತ್ತು! ಗೋಡೆ ತುಂಬ ಉಬ್ಬು, ತಗ್ಗು, ತಿರುವು.

ತಾತ ಲಡಿ ಹಿಡಿದು ನೋಡಿದ್ರು. ಗೋಡೆ ನೋಡಿದ್ರು. "ಬಣ್ಣ ಸರಿಯಾಗೇ ಅದೆ ಕಣಪ್ಪ. ಆದ್ರೆ ಗೋಡೆ ಯಾಕೆ ಮಾದಪ್ಪನ ಬೆಟ್ಟದ ರೋಡ್ ಇದ್ದಂಗದೆ?"

ಎಲ್ಲ ಉಜ್ಜಿ ಮೊದಲಿಂದ ಬಳೀಬೇಕಾಯ್ತು. ಉಜ್ಜಿದ್ದು ಯಾರು ಅಂತ ಕೇಳಬೇಡಿ. ಮನೆಗೆ ಹೋದಾಗ ಅವ್ವ ಪುಟ್ಟಿ ಧೂಳು ಮೆತ್ತಿದ ನನ್ನ ಬಿಳೀ ತಲೆ ನೋಡಿ, ಯಾರೋ ಹಿರಿಯರು ಬಂದವ್ರೆ ಅಂತ ಚಾಪೆ ಹಾಸಿದಳು.

ಉತ್ತರ ಎಲ್ಲಿದೆ

ಎರಡನೇ ಮನೆ ಹನೂರಲ್ಲಿ, ಗೊಬ್ಬರದ ಅಂಗಡಿ ಸಾಹುಕಾರರದು. ಅವರಿಗೆ ವಾಸ್ತು ಹುಚ್ಚು. ಯಾವ ದಿಕ್ಕಿನ ಕೋಣೆಗೆ ಯಾವ ಬಣ್ಣ ಅಂತ ಫೋನಲ್ಲಿ ವಿಡಿಯೋ ನೋಡಿ ಚೀಟಿ ಬರೆದಿಟ್ಕೊಂಡಿದ್ರು. ಉತ್ತರ ಕುಬೇರನ ದಿಕ್ಕು, ಅಲ್ಲಿಗೆ ಹಸಿರು. ಹಸಿರು ಬಣ್ಣ ಕಲಸಿ ತಂದಾಗಿತ್ತು. ಕಲಸಿದ ಬಣ್ಣ ಅಂಗಡಿಯವನು ವಾಪಸ್ ತಗೊಳ್ಳಲ್ಲ. ಇನ್ನು ಉತ್ತರ ಸಿಕ್ಕೋದೊಂದೇ ಬಾಕಿ.

ಸಾಹುಕಾರ್ರು ಫೋನಿನ ದಿಕ್ಸೂಚಿ ಅಂಗೈ ಮೇಲಿಟ್ಕೊಂಡು ಮಂಗಳಾರತಿ ತಟ್ಟೆ ಹಿಡಿದವರ ಥರ ಮೆಲ್ಲಗೆ ನಡೆದು ಬಂದ್ರು. ನಾನು ಪಕ್ಕದಲ್ಲಿ ನಿಂತಿದ್ದೆ. ಮುಳ್ಳು ಗಿರ್ರನೆ ನನ್ನ ಕಡೆ ತಿರುಗ್ತು. ನನಗೆ ತಕ್ಷಣ ಹೊಳೀತು. ನೆಲಕ್ಕೆ ಬಿದ್ದ ಮೊಳೆ ಆಯೋಕೆ ಅಂತ ಒಡೆದ ಸ್ಪೀಕರಿನ ಅಯಸ್ಕಾಂತ ನನ್ನ ಜೇಬಲ್ಲಿತ್ತು.

ಆವಾಗಲೇ ತೆಗೆದಿಡಬೇಕಿತ್ತು. ನಾನು ಅಡುಗೆಮನೆ ಕಡೆ ಒಂದು ಹೆಜ್ಜೆ ಸರಿದೆ. ಉತ್ತರವೂ ಸರೀತು. ಸಾಹುಕಾರ್ರು ಹಿಂದೇನೇ ಬಂದ್ರು. "ಇಲ್ಲೇ ಅದೆ... ಇಲ್ಲಲ್ಲ, ಅಲ್ಲಿ ಅದೆ..." ಅಂತ ಇಡೀ ಮನೆ ಸುತ್ತಿದ್ವಿ. ಕೊನೆಗೆ ನಾನು ಬಚ್ಚಲು ಬಾಗಿಲಲ್ಲಿ ನಿಂತೆ.

ಸಾಹುಕಾರ್ರ ಮುಖ ಬಾಡಿಹೋಯ್ತು. "ಅಯ್ಯೋ ಮೇಸ್ತ್ರಿ, ಇಷ್ಟು ವರ್ಷದಿಂದ ಕುಬೇರನ ಮೇಲೆ ನೀರು ಉಯ್ಕೋತಾ ಇದ್ವಲ್ಲಪ್ಪ!"

ಅವಸರವಸರವಾಗಿ ಬಚ್ಚಲಿಗೆ ಊದುಬತ್ತಿ ಬೆಳಗಿ, ಸೀಲಿಂಗೂ ಸೇರಿಸಿ ಹಸಿರು ಬಳಿಸಿದ್ರು. ಕೆಲಸ ಮುಗೀತು ಅನ್ನೋ ಹೊತ್ತಿಗೆ ಮಾವ ಪುಟ್ಟಿ ಬ್ಲೇಡ್ ಹಿಡ್ಕೊಂಡು ನನ್ನ ಪಕ್ಕ ಬಂದ. ಬ್ಲೇಡು ಟಪ್ ಅಂತ ನನ್ನ ಜೇಬಿಗೆ ಅಂಟ್ಕೊಂತು. ಮಾವ ಎಳೆದ, ಬರಲಿಲ್ಲ. ಜೇಬು ನೋಡಿದ, ಬಚ್ಚಲು ನೋಡಿದ, ನನ್ನ ಮುಖ ನೋಡಿದ. ಸೊಂಟದ ಬ್ರಶ್ಶನ್ನ ಇನ್ನೂ ಒಳಕ್ಕೆ ತುರುಕ್ಕೊಂಡ.

ಮಾವ ಮಾರನೇ ವಾರ ಹೋಗಿ, "ಸಾ, ದಿಕ್ಕು ಸ್ವಲ್ಪ ಎಚ್ಚುಕಮ್ಮಿ ಆಗಿರಂಗದೆ, ಬೇರೆ ಬಣ್ಣ ಒಡ್ಕೊಡ್ತೀನಿ" ಅಂದ. ಸಾಹುಕಾರ್ರು ಬಚ್ಚಲಿಗೆ ಅಡ್ಡ ನಿಂತುಬಿಟ್ರು. "ಮುಟ್ಟಿದ್ರೆ ನೋಡು! ಅಸಿರು ಒಡ್ಸಿದ ದಿನದಿಂದ ಅಂಗ್ಡೀಲಿ ಕಾಲಿಡೋಕೆ ಜಾಗ ಇಲ್ಲ."

ಈಗಲೂ ಅವರು ಸ್ನಾನಕ್ಕೆ ಹೋಗೋವಾಗ ಚಪ್ಪಲಿ ದೂರ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ಕೋತಾರಂತೆ.

ಅಜ್ಜಿಯ ಗೋಡೆ

ಮೂರನೇದು ರಾಮಾಪುರದ ಅಜ್ಜಿ ಮನೆ. "ಪ್ಲಾಸ್ಟಿಕ್ ಬಣ್ಣ ಬ್ಯಾಡ, ಗೋಡೆಗೆ ಉಸ್ರು ಕಟ್ತದೆ, ಸುಣ್ಣ ಬಳಿ" ಅಂತ ಅಜ್ಜಿ ಹಟ. ಸುಣ್ಣಕ್ಕೆ ರೋಲರ್ ಬರಲ್ಲ, ಅಗಲದ ಬ್ರಶ್ಶೇ ಬೇಕು. ಅದು ತೊಂದರೆ ಆಗಲಿಲ್ಲ. ತೊಂದರೆ ಆಗಿದ್ದು ಬಾಗಿಲ ಪಕ್ಕದ ಗೋಡೆ. ಅಜ್ಜಿಗೆ ಓದು ಬರಲ್ಲ. ಮೊಮ್ಮಗ ಅಲ್ಲಿ ಫೋನ್ ನಂಬರುಗಳನ್ನ ಇದ್ದಿಲಲ್ಲಿ ಬರೆದು, ಒಂದೊಂದರ ಪಕ್ಕದಲ್ಲಿ ಒಂದೊಂದು ಚಿತ್ರ ಬಿಡಿಸಿಕೊಟ್ಟಿದ್ದ. ಹಸು ಚಿತ್ರ ಅಂದ್ರೆ ದನದ ಡಾಕ್ಟ್ರು. ಬಲ್ಬ್ ಅಂದ್ರೆ ಲೈನ್‌ಮನ್. ಅಂಕಿಯ ಆಕಾರ ನೋಡ್ಕೊಂಡು ಅಜ್ಜಿ ಅದೇ ಥರದ ಗುಂಡಿ ಒತ್ತಿ ಫೋನ್ ಮಾಡೋಳು.

"ಬಳಿದ ಮೇಲೆ ಇದ್ದಂಗೇ ಬರ್ಕೊಡಪ್ಪ" ಅಂದ್ಲು ಅಜ್ಜಿ. ಫೋಟೋ ತೆಗೆದಿಟ್ಕೊಂಡು, ಸುಣ್ಣ ಒಣಗಿದ ಮೇಲೆ ಬರೆದೆ. ಇದ್ದ ಹಾಗೇ ಬರೆದೆ. ಹಸು ಮತ್ತೆ ಬಲ್ಬ್ ಮಾತ್ರ ಅದಲು ಬದಲು ಮಾಡಿದೆ. ಕರೆಂಟ್ ಹೋದಾಗ ದನದ ಡಾಕ್ಟ್ರು ಬರ್ತಾರೆ, ನಗಬಹುದು, ಅಷ್ಟೇ ನನ್ನ ಲೆಕ್ಕ. ಗಣಿತದಲ್ಲಿ ನಾನು ಯಾಕೆ ಫೇಲಾದೆ ಅಂತ ಈಗ ನಿಮಗೆ ಗೊತ್ತಾಗಿರಬೇಕು.

ಮಾರನೇ ದಿನ ನಾವಿನ್ನೂ ಒಳಕೋಣೆ ಬಳೀತಾ ಇದ್ವಿ. ಹೊರಗೆ ಅಜ್ಜಿ ಫೋನಲ್ಲಿ ಕೂಗಾಡ್ತಿದ್ಲು. "ಬೇಗ ಬಾರಪ್ಪೋ! ಕಾಲು ಆಚೆ ಬಂದದೆ, ಮುಖ ಕಾಣಾಕಿಲ್ಲ, ಒದ್ದಾಡ್ತಾ ಅದೆ!"

ಲೈನ್‌ಮನ್ನು ಯಾರೋ ಕಂಬದಲ್ಲಿ ಸಿಕ್ಕಾಕ್ಕೊಂಡವ್ರೆ ಅಂದ್ಕೊಂಡ. ಲೈನ್ ಆಫ್ ಮಾಡಿಸಿ, ಕರೀ ರಬ್ಬರ್ ಗ್ಲೌಸ್ ಹಾಕ್ಕೊಂಡು, ಬೈಕಲ್ಲಿ ಹಾರ್ಕೊಂಡು ಬಂದ. "ಎಲ್ಲಿ? ಯಾವ ಕಂಬ?" ಅಜ್ಜಿ ಅವನ ಕೈ ಹಿಡಿದು ಕೊಟ್ಟಿಗೆಗೆ ಎಳ್ಕೊಂಡು ಹೋದ್ಲು. ಕಾಲು, ಹಸುವಿನ ಹೊಟ್ಟೇಲಿದ್ದ ಕರುವಿನದು.

ನಾನು ಬ್ರಶ್ ಬಿಸಾಕಿ ಅವರ ಹಿಂದೆ ಓಡಿದೆ. ಆದ್ರೆ ಆ ಲೈನ್‌ಮನ್ನೂ ದನ ಸಾಕಿದ ಮನೆಯವನೇ. ಒಂದು ಗಳಿಗೆ ಬಾಯಿ ಬಿಟ್ಕೊಂಡು ನಿಂತ. ಆಮೇಲೆ ಗ್ಲೌಸಿಗೆ ಎಣ್ಣೆ ಸವರ್ಕೊಂಡು, ಒಳಗೆ ಕೈ ಹಾಕಿ ಮುಖ ತಿರುಗಿಸಿ, ಮೆಲ್ಲಗೆ ಕರು ಎಳೆದೇಬಿಟ್ಟ. ಹೆಣ್ಣು ಕರು. ಸ್ವಲ್ಪ ಹೊತ್ತಿಗೆ ಎದ್ದು ನಿಂತ್ಕೊಂತು.

ನಾನು ತಪ್ಪು ಒಪ್ಕೊಂಡು ಚಿತ್ರ ಅಳಿಸೋಕೆ ಹೋದೆ. ಅಜ್ಜಿ ಬಿಡಲಿಲ್ಲ. "ಆ ಡಾಕ್ಟ್ರು ಕರೆದ್ರೆ ಎರಡ್ ದಿನಕ್ಕೆ ಬತ್ತಾನೆ. ಈ ಲೈನ್‌ಮನ್ ಐದ ಆಗಲೇ ಬಂದ. ಅಸು ಅಲ್ಲೇ ಇರ್ಲಿ. ಅದ್ರ ಪಕ್ಕದಲ್ಲೇ ಬಲ್ಬೂ ಬರಿ."

ಮೂರು ಸಲ ಚಾ ಚೆಲ್ಲಿದ್ದು

ಸತ್ತೇಗಾಲದ ಮನೇಲಿ ನಾನು ದೊಡ್ಡದೇನೂ ಮಾಡಲಿಲ್ಲ. ಯಾರಾದ್ರೂ ಒಣಗಿದ ಗೋಡೆಗೆ ಒರಗಿದ್ರೆ "ಅಸಿ ಅದೆ!" ಅಂತ ಕೂಗೋನು, ಅಷ್ಟೇ. ಮನೆಯ ಯಜಮಾನಿ ಎರಡು ದಿನ ಸ್ವಂತ ಮನೇಲಿ ಏಡಿ ಥರ ಅಡ್ಡಡ್ಡ ನಡೆದ್ರು. ಮಾವ ಚಾ ಲೋಟ ಹಿಡ್ಕೊಂಡು ಮೂರು ಸಲ ನೆಗೆದ. ಮೂರು ಸಲವೂ ಚಾ ಅವನ ಅಂಗಿಗೆ.

"ಇನ್ನು ನಿನ್ ಬಾಯಿಂದ ಬಂದುದ್ದ ಒಂದೂ ನಂಬಲ್ಲ ಕಣ್ಲಾ" ಅಂದ, ಅಂಗಿ ಹಿಂಡ್ಕೋತಾ. "ಯಳಂದೂರ್ ಮನೆ ಒಂದು ನೋಡ್ತೀನಿ. ಅಲ್ಲೂ ಬಾಲ ಬಿಚ್ಚಿದ್ರೆ, ಸೀದಾ ನಿಮ್ಮವ್ವನ್ ತಾವ ಬುಟ್ಬುಟ್ಟು ಬತ್ತೀನಿ. ಬ್ರಶ್ಶೂ ಇಲ್ಲ, ಬಕೆಟ್ಟೂ ಇಲ್ಲ."

ಈ ಸಲ ಮಾವ ನಗ್ತಾ ಹೇಳಲಿಲ್ಲ.

ನವಿಲು ಬಣ್ಣದ ಗೋಡೆ

ಯಳಂದೂರಿನ ಮನೇಲಿ ಭಾನುವಾರ ಹೆಣ್ಣು ನೋಡೋಕೆ ಬರೋರಿದ್ರು. ಅಷ್ಟರಲ್ಲಿ ಹಾಲ್ ಮುಗೀಬೇಕು. ಅಪ್ಪ ಕೆನೆ ಬಣ್ಣ ಸಾಕು ಅಂದ್ರು. ಮಗಳು ಶೇಡ್ ಕಾರ್ಡಲ್ಲಿ ಕಡುನೀಲಿಗೆ, ನವಿಲು ಕತ್ತಿನ ಬಣ್ಣಕ್ಕೆ ಬೆರಳಿಟ್ಟಳು. "ಹುಡುಗನ್ನ ನೀವು ಆರಿಸಿದ್ದೀರಿ. ಒಂದು ಗೋಡೆನಾದ್ರೂ ನಾನು ಆರಿಸ್ತೀನಿ." ಅಪ್ಪ ಕಾರ್ಡ್ ಮಡಚಿ ಮಾವನ ಕೈಗೆ ಕೊಟ್ರು.

ನಾಲ್ಕು ದಿನ ನಾನು ಬಾಲ ಬಿಚ್ಚಲಿಲ್ಲ. ಹೇಳಿದ ಕೆಲಸ ಮಾಡಿದೆ, ಹೇಳದ ಕೆಲಸವೂ ಮಾಡಿದೆ. ಇದನ್ನ ನೋಡಿ ಮಾವನಿಗೆ ನಿದ್ದೆ ಹಾರಿಹೋಯ್ತು. ಏಣಿ ಹತ್ತೋಕೆ ಮುಂಚೆ ನಾಲ್ಕು ಕಾಲೂ ಅಲ್ಲಾಡಿಸಿ ನೋಡೋನು. ಚಪ್ಪಲಿ ಕೊಡವಿ ಹಾಕ್ಕೊಳ್ಳೋನು. ಚಾ ಮೂಸಿ ನೋಡಿ, ನನಗೆ ಮೊದಲು ಕುಡಿಸೋನು. "ಏನ್ಲಾ ಮಾಡಿದೀಯ? ಈಗ್ಲೇ ಯೋಳ್ಬುಡು."

"ಏನೂ ಮಾಡಿಲ್ಲ ಮಾವ."

"ಅದೇ ಕಣ್ಲಾ ನಂಗೆ ಭಯ."

ನೀಲಿ ಗೋಡೆ ಶನಿವಾರ ಬಳಿದು ಮುಗಿಸಿದ್ವಿ. ಭಾನುವಾರ ಬೆಳಿಗ್ಗೆ ಸೀಲಿಂಗ್ ಕೆಳಗಿನ ಗೆರೆಯೊಂದೇ ಬಾಕಿ. ಗೆರೆಗೆ ಅಂಟಿಸೋ ಟೇಪು ತರೋಕೆ ಮಾವ ಅಂಗಡಿಗೆ ಹೋದ. ಅಷ್ಟರಲ್ಲಿ ಹುಡುಗಿ ಬಂದು, "ನೋಡು ತಮ್ಮಾ, ನಡುವೆ ಸ್ವಲ್ಪ ತೆಳ್ಳಗೆ ಕಾಣ್ತದೆ" ಅಂದ್ಲು. ನಿಜವೇ. ಕಡುಬಣ್ಣ ಒಂದೇ ಸಲಕ್ಕೆ ತುಂಬಿಕೊಳ್ಳಲ್ಲ. ರೋಲರ್ ಓಡಿಸೋಕೆ ನನಗೆ ಅಪ್ಪಣೆ ಇದೆ. ಒಳ್ಳೆ ಹುಡುಗನಾಗಿ ಇಡೀ ಗೋಡೆಗೆ ಇನ್ನೊಂದು ಕೋಟ್ ಕೊಟ್ಟು, ರೋಲರ್ ತೊಳೆಯೋಕೆ ಹಿತ್ತಲಿಗೆ ಹೋದೆ.

ಗಂಡಿನ ಕಡೆಯೋರು ಸಂಜೆ ಬರಬೇಕಿತ್ತು. ಭಾನುವಾರ ಸಂಜೆ ರಾಹುಕಾಲ ಅಂತ ಯಾರೋ ನೆನಪಿಸಿ, ಬೆಳಿಗ್ಗೆ ಹನ್ನೊಂದಕ್ಕೇ ಬಂದಿಳಿದ್ರು. ಮಾವನೂ ಟೇಪ್ ಹಿಡ್ಕೊಂಡು ಅವರ ಹಿಂದೇನೇ ಒಳಗೆ ಬಂದ. ಹಾಲ್ ಚಿಕ್ಕದು. ನೀಲಿ ಗೋಡೆ ಪಕ್ಕದಲ್ಲೇ ಬೆಂಚು ಹಾಕಿದ್ರು. ಹುಡುಗನ ಅಪ್ಪ, ಹೊಸಾ ಬಿಳೀ ಅಂಗಿ, ಉಸ್ಸಪ್ಪಾ ಅಂತ ಕೂತ್ಕೊಂಡ್ರು.

ನಾನು ಹಿತ್ತಲಿಂದ ಬಂದವನು ನೋಡಿದೆ. ರೋಲರ್ ಹಿಡ್ಕೊಂಡೇ ಒಳಗೆ ನುಗ್ಗಿದೆ.

"ಯಜಮಾನ್ರೇ, ಒರಗ್ಬೇಡಿ! ಅಸಿ ಅದೆ!"

ಬಂದೋರೆಲ್ಲ ಎದ್ದು ನಿಂತ್ರು. ಮಾವ ನನ್ನ ನೋಡಿದ. ನಾಲ್ಕು ದಿನದಿಂದ ಕಾಯ್ತಿದ್ದದ್ದು ಕೊನೆಗೂ ಬಂತು ಅನ್ನೋ ನೆಮ್ಮದಿ ಅವನ ಮುಖದಲ್ಲಿ.

"ಕುಂತ್ಕಳಿ ಸಾ, ಕುಂತ್ಕಳಿ. ಈ ಐದ ಎಲ್ಲಾ ಮನೇಲೂ ಇಂಗೇ ಕೂಗ್ತಾನೆ."

"ಮಾವ, ನಿಜವಾಗ್ಲೂ..."

"ಮುಚ್ಲಾ ಬಾಯ. ನಾನೇ ಬಳಿದು ಒಂದು ದಿನ ಆಯ್ತು ಸಾ. ನೋಡಿ." ಅಂದವನೇ ಗೋಡೆಗೆ ಬೆನ್ನು ಕೊಟ್ಟ. ಸುಮ್ನೆ ಕೊಡಲಿಲ್ಲ, ಎರಡೂ ಕೈ ಚಾಚಿ, ತಲೆಯನ್ನೂ ಆನಿಸಿ, ಎಮ್ಮೆ ಮರಕ್ಕೆ ಉಜ್ಜಿಕೊಳ್ಳೋ ಹಂಗೆ ಮೇಲೆ ಕೆಳಗೆ ಉಜ್ಜಿ ತೋರಿಸಿದ. ಹುಡುಗನ ಅಪ್ಪನಿಗೂ ಧೈರ್ಯ ಬಂತು. ಪಕ್ಕದಲ್ಲಿ ಕೂತು ಅವರೂ ಒರಗಿದ್ರು.

ಆ ಹೊತ್ತಿಗೆ ಸರಿಯಾಗಿ ಹುಡುಗಿ ಕಾಫಿ ತಟ್ಟೆ ಹಿಡಿದು ಬಂದ್ಲು. ಗೋಡೆ ನೋಡಿದ್ಲು, ಇಬ್ಬರನ್ನೂ ನೋಡಿದ್ಲು. ತಟ್ಟೇಲಿ ಲೋಟಗಳು ಗಡಗಡ ಅಂದವು. ನಾಚಿಕೆ ಅಂತ ಅವಳಮ್ಮ ಅಂದ್ಕೊಂಡ್ರು.

ಮಾವ ಗೋಡೆ ಬಿಟ್ಟು ಮುಂದೆ ಬಂದ. ಪಚಕ್ ಅಂತ ಸದ್ದಾಯ್ತು. ಅವನು ನಿಂತಲ್ಲೇ ನಿಂತ. ಹಿಂದೆ ತಿರುಗಿ ನೋಡೋ ಧೈರ್ಯ ಸಾಲಲಿಲ್ಲ.

"ಅಪ್ಪಾ, ಏಳ್ಬೇಡಿ" ಅಂದ ಹುಡುಗ. ಅವರು ಎದ್ದೇಬಿಟ್ರು. ಗೋಡೆ ಮೇಲೆ ಎರಡು ಬೆನ್ನು, ಒಂದು ಸಣ್ಣದು ರೆಕ್ಕೆ ಬಿಚ್ಚಿದ ಬಾವಲಿ ಥರ, ಇನ್ನೊಂದು ದುಂಡಗೆ ರಾಗಿ ಮೂಟೆ ಥರ. ಹುಡುಗಿಯ ಅಪ್ಪ ಕಣ್ಣು ಮುಚ್ಕೊಂಡಿದ್ರು.

ಮೊದಲು ಮಾತಾಡಿದ್ದು, ಅಲ್ಲಿವರೆಗೂ ತುಟಿ ಬಿಚ್ಚದ ಹುಡುಗನ ಅವ್ವ. "ಮದ್ವೆ ಆದಾಗ್ನಿಂದ ಬಡ್ಕೋತಾ ಇವ್ನಿ, ಕಂಡ್ ಕಂಡ್ ಕಡೆ ಒರಗ್ಬ್ಯಾಡಿ ಅಂತ. ಇವತ್ತು ಸಾಕ್ಷಿ ಸಮೇತ ಸಿಕ್ಕಾಕ್ಕೊಂಡ್ರಾ?"

ಹುಡುಗಿ ತಡೆಯೋಕಾಗದೆ ನಕ್ಕಳು. ಅವಳು ನಕ್ಕಿದ್ದು ನೋಡಿ ಹುಡುಗ ನಕ್ಕ. ಆಮೇಲೆ ಯಾರು ಮೊದಲು, ಯಾರು ಕೊನೆ ಅಂತ ಗೊತ್ತಾಗಲಿಲ್ಲ. ಹುಡುಗನ ಅಪ್ಪ ನಗು ನಿಂತ ಮೇಲೆ ಅಂದ್ರು, "ಈ ಮನೆ ಬಣ್ಣ ಮೆತ್ಕೊಂಡಾಯ್ತಲ್ಲ, ಇನ್ನು ಬೇರೆ ಮನೆ ಎಲ್ ನೋಡದು? ಕಾಫಿ ಕೊಡವ್ವಾ."

ನಾನು ಬಾಗಿಲ ಮೂಲೇಲಿ ತಲೆ ತಗ್ಗಿಸಿ ನಿಂತಿದ್ದೆ. ಮಾವ ಬಂದ. ತಲೆಯಿಂದ ಹಿಮ್ಮಡಿವರೆಗೆ ಮುಂಭಾಗ ಮಾವ, ಹಿಂಭಾಗ ನವಿಲು.

"ಏನೂ ತರಲೆ ಮಾಡಿರ್ಲಿಲ್ವಾ?"

"ಇಲ್ಲ ಮಾವ. ನಿಜಾನೇ ಅಂದಿದ್ದು."

ಮಾವ ಬೆನ್ನಿನ ಬಣ್ಣ ಬೆರಳಲ್ಲಿ ಮುಟ್ಟಿ ನೋಡ್ಕೊಂಡ. ಆಮೇಲೆ ಸೊಂಟದಿಂದ ಎರಡಿಂಚಿನ ಬ್ರಶ್ ಈಚೆಗೆ ತೆಗೆದು ನನ್ನ ಕೈಲಿಟ್ಟ.

"ಎಲ್ಲಿಂದ ಶುರು ಮಾಡ್ಲಿ ಮಾವ?"

ಅವನು ಗೋಡೆ ಕಡೆ ನೋಡಲೂ ಇಲ್ಲ.

"ಮೊದ್ಲು ಗೋಡೆ ಮೇಲಿಂದ ನನ್ ಬೆನ್ನ ಅಳ್ಸು. ಗೆರೆ ಆಮೇಲೆ."