ರಾವಸಾಹೇಬರ ಗಾಜಿನ ಬಚ್ಚಲು

ಬ್ರಿಟಿಷರ ಕಾಲದಲ್ಲಿ, ಪುಣೆಯ ಕ್ಯಾಂಪಿನಲ್ಲಿ ಸ್ನಾನದ ಸಾಮಾನು ಮಾರುವ ಅಂಗಡಿಯೊಂದರಲ್ಲಿ ನಾನು ಹದಿನಾರು ವರ್ಷ ಗುಮಾಸ್ತನಾಗಿದ್ದೆ. ಮೈಮೇಲೆ ಬಟ್ಟೆ ಇರುವಾಗ ಮನುಷ್ಯ ಎಷ್ಟೇ ಜಾಣನಾಗಿರಲಿ, ಬಟ್ಟೆ ಬಿಚ್ಚುವ ಜಾಗವನ್ನು ಆರಿಸಲು ಹೊರಟರೆ ಅವನ ಬುದ್ಧಿಯೇ ಮೊದಲು ಬತ್ತಲಾಗುತ್ತದೆ. ಇಂಥದು ವಾರಕ್ಕೊಂದಾದರೂ ನಡೆಯುತ್ತಿತ್ತು. ಬಹಳಷ್ಟನ್ನು ಮರೆತಿದ್ದೇನೆ. ನಮ್ಮ ವಾಡೆಯ ಮಾಲೀಕರಾದ ರಾವಸಾಹೇಬರನ್ನು ಮಾತ್ರ ಮರೆಯಬೇಕೆಂದರೂ ಆಗುವುದಿಲ್ಲ.

ಮೂರು ಗೋಡೆ

ರಾವಸಾಹೇಬ ಎಂಬ ಬಿರುದನ್ನು ಅವರಿಗೆ ಸರಕಾರ ಕೊಟ್ಟಿರಲಿಲ್ಲ. ಕೊಡುವುದು ತಡವಾಯಿತೆಂದು ಅವರೇ ಇಟ್ಟುಕೊಂಡಿದ್ದರು. ಧಾರವಾಡದ ಕಡೆಯವರು. ಕಾಲುವೆ ಖಾತೆಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾಗಿ, ಪೇಟೆಯ ಒಂದು ಹಳೆಯ ವಾಡೆಯನ್ನು, ಅಂದರೆ ಚೌಕದ ಸುತ್ತ ಕಟ್ಟಿದ ದೊಡ್ಡ ಮನೆಯನ್ನು, ಕೊಂಡು ಕೂತಿದ್ದರು. ಅದರ ಎರಡು ಕೋಣೆಗಳಲ್ಲಿ ನಾನೂ ನನ್ನ ಹೆಂಡತಿಯೂ ಬಾಡಿಗೆಗಿದ್ದೆವು.

ವಾಡೆಯ ನಡುವಿನ ಚೌಕಕ್ಕೆ ಅಂಟಿಕೊಂಡು ಒಂದು ಬಚ್ಚಲು. ಕಲ್ಲು ಹಾಸಿದ ನೆಲ, ಮೂಲೆಯಲ್ಲಿ ತಾಮ್ರದ ಹಂಡೆ, ಗೋಡೆ ಮೂರೇ. ನಾಲ್ಕನೆಯ ಕಡೆ ಕದವಿಲ್ಲ. ಅಲ್ಲೊಂದು ಹಳೆಯ ಸೀರೆ ಜೋತಾಡುತ್ತಿತ್ತು. ಗಾಳಿ ಬೀಸಿದರೆ ಅದು ತನ್ನ ಇಷ್ಟದಂತೆ ನಡೆದುಕೊಳ್ಳುತ್ತಿತ್ತು. ಹೀಗಾಗಿ ವಾಡೆಯ ಹೆಂಗಸರೆಲ್ಲ ಕೋಳಿ ಕೂಗುವ ಮೊದಲೇ ಎದ್ದು, ಒಬ್ಬರಿಗೊಬ್ಬರು ಕಾವಲು ನಿಂತು ಜಳಕ ಮುಗಿಸಬೇಕಾಗಿತ್ತು. ನನ್ನ ಹೆಂಡತಿಯೂ ಆ ಸಾಲಿನಲ್ಲಿ ನಡುಗುತ್ತ ನಿಲ್ಲುವವಳೇ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ರಾವಸಾಹೇಬರ ಹೆಂಡತಿಯನ್ನು ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಮದುವೆಯಾದಂದಿನಿಂದ ಅವರು ಗಂಡನನ್ನು ಕೇಳಿದ್ದು ಬಚ್ಚಲಿಗೆ ಒಂದು ಕದ, ಅಷ್ಟೇ. ಮೊದಲು ಧಾರವಾಡದ ಮನೆಯಲ್ಲಿ ಕೇಳಿದರು, ಆಮೇಲೆ ಇಲ್ಲಿ. ಒಟ್ಟು ಮೂವತ್ತು ವರ್ಷ.

ರಾವಸಾಹೇಬರ ಉತ್ತರವೂ ಮೂವತ್ತು ವರ್ಷದಿಂದ ಒಂದೇ: "ಕದಾ ಯಾಕ ಬೇಕು? ಹೊರಗಿನವ್ರು ಯಾರಿದ್ದಾರ ಇಲ್ಲೆ? ಎಲ್ಲಾ ನಮ್ಮವ್ರ!"

ತಾವು ಮಾತ್ರ ಜಳಕಕ್ಕೆ ಕೂತಾಗ ಆ ಸೀರೆಯ ಹೊರಗೆ ಕಾಕುವನ್ನು ಕಾವಲು ನಿಲ್ಲಿಸುತ್ತಿದ್ದರು.

ಕೊಕ್ಕರೆಗಳ ಕಣ್ಣು

ಒಮ್ಮೆ ಯಾವುದೋ ಸಾಹೇಬನ ಬಂಗಲೆಗೆ ಹೋದ ರಾವಸಾಹೇಬರು ಅಲ್ಲಿ ಶವರ್ ನೋಡಿ ಬಂದರು. ತೂತಿನ ತಟ್ಟೆಯಿಂದ ತಲೆಯ ಮೇಲೆ ನೀರು, ನೀರು ಸಿಡಿಯದಂತೆ ಸುತ್ತ ಒಂದು ಮರೆ. ಮರುದಿನವೇ ಪಗಡಿ ಸುತ್ತಿಕೊಂಡು ನಮ್ಮ ಅಂಗಡಿಗೆ ಹಾಜರಾದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ.

ನಾನು ಮೊದಲು ಎಣ್ಣೆಬಟ್ಟೆಯ ಪರದೆ ತೋರಿಸಿದೆ.

"ಇದು ಮೈಗೆ ತಾಗಿದ್ರ ಮಡಿ ಏನಾಗಬೇಕು? ತಗೀರಿ ಆಕಡೆ."

ಕಟ್ಟಿಗೆಯ ಮಡಚುವ ಮರೆ ತೋರಿಸಿದೆ. ಅದರ ತುಂಬ ಕೊಕ್ಕರೆಗಳ ಚಿತ್ರ. ರಾವಸಾಹೇಬರು ಕನ್ನಡಕ ಏರಿಸಿ ಒಂದೊಂದನ್ನೂ ದಿಟ್ಟಿಸಿ ನೋಡಿದರು.

"ಎಲ್ಲಾ ಕೊಕ್ಕರಿ ಒಳಗಿನ ಕಡೆನ ನೋಡಲಿಕ್ಕತ್ತಾವಲ್ಲರೀ. ಇಷ್ಟ ಮಂದಿ ಮುಂದ ನಾ ಧೋತರಾ ಬಿಚ್ಚಲೇನು?"

ಕೊನೆಗೆ ಗಾಜಿನದು. ಸಾಹೇಬರ ಮನೆಗಳಿಗೆ ಹೋಗುವಂಥ ಮಬ್ಬುಗಾಜು. ಅದರ ಮೇಲೆ ಬೆರಳಿನಿಂದ ತಿಕ್ಕಿದರು, ಉಗುಳು ಹಚ್ಚಿ ತಿಕ್ಕಿದರು. ಮಬ್ಬು ಹೋಗಲಿಲ್ಲ.

"ನನಗ ಹಳೇ ಮಾಲು ದಾಟಸ್ತೀರೇನು? ಕಣ್ಣಿಗೆ ಪೊರಿ ಬಂದ್ಹಂಗ ಅದ. ಸ್ವಚ್ಛ ಗಾಜಿಂದು ತರಸ್ರಿ, ಆಚೆ ಈಚೆ ಎಲ್ಲಾ ಕಾಣಬೇಕು."

"ಕಾಣಬಾರದು ಅಂತನ ಮಬ್ಬ ಮಾಡಿರತಾರ್ರಿ," ಎಂದೆ.

"ನಾ ಇಪ್ಪತ್ತೆಂಟ ವರ್ಷ ಕಾಲುವಿ ಖಾತೇದಾಗ ನೀರ ನೋಡಿದಾಂವ. ನೀರಿನ ವಿಷಯ ನನಗ ಹೇಳಬ್ಯಾಡ್ರಿ."

ಕೊಕ್ಕರೆಯ ಚಿತ್ರಕ್ಕೆ ನಾಚಿದ ಮನುಷ್ಯ ಹೀಗೆ ಬರಿಯ ಗಾಜು ಆರಿಸಿದರು. ಅಂಗಡಿಯ ಮಾಲೀಕರು ಹಿಂದಿನಿಂದ ನನ್ನ ಕೋಟು ಎಳೆದರು. ಗಿರಾಕಿಗೆ ಬುದ್ಧಿ ಹೇಳುವುದು ನಮ್ಮ ಅಂಗಡಿಯಲ್ಲಿ ಮಾರುವ ಸಾಮಾನಲ್ಲ.

ಮಣೆಯ ಅಳತೆ

ಇನ್ನು ಅಳತೆ. ಸಾಹೇಬ ಶವರಿನ ಕೆಳಗೆ ನಿಂತು ಮೀಯುತ್ತಾನೆ. ನಮ್ಮ ರಾವಸಾಹೇಬರು ನಿಂತು ಜಳಕ ಮಾಡುವುದೆಂದರೆ ಪಿತೃಗಳಿಗೆ ಅಪಮಾನ ಎಂದು ತಿಳಿದವರು. ಅಂಗಡಿಯಲ್ಲಿಟ್ಟಿದ್ದ ಮಾದರಿ ಗೂಡಿನೊಳಗೆ ಹೋಗಿ, ಪಗಡಿ ಕೋಟಿನ ಸಮೇತ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

"ಮಣಿ ಇಲ್ಲೆ. ತಂಬಗಿ ಇಲ್ಲೆ. ಬೆನ್ನ ತಿಕ್ಕಲಿಕ್ಕೆ ಮೊಣಕೈ ಇಷ್ಟ ಹೊರಗ ಬರತದ. ಸಾಲೂದಿಲ್ಲ, ಇದರ ಎರಡರಷ್ಟ ಬೇಕು."

ಕಣ್ಣು ಮುಚ್ಚಿ, ಇಲ್ಲದ ತಂಬಿಗೆಯಿಂದ ಇಲ್ಲದ ನೀರು ಸುರಿದುಕೊಂಡು ತೋರಿಸಿದರು. ಅಷ್ಟರಲ್ಲಿ ಒಳಗೆ ಬಂದ ಒಬ್ಬ ಮೇಮ್‌ಸಾಹೇಬ ಗೂಡಿನ ತೆರೆದ ಬಾಗಿಲ ಎದುರು ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ವಿಚಾರಿಸಿದಳು: ಗೂಡು ಕೊಂಡರೆ ಒಳಗಿನ ಬೊಂಬೆಯೂ ಜೊತೆಗೆ ಬರುತ್ತದೆಯೇ, ಅಥವಾ ಅದಿಲ್ಲದೆಯೂ ಸಿಗುತ್ತದೆಯೇ?

ಚರ್ಮದ ಬಿಲ್ಲೆ

ಮುಂಬಯಿಯಿಂದ ಸಾಮಾನು ಬಂತು. ದಪ್ಪ ಹಲಗೆಯ ದೊಡ್ಡ ಪೆಟ್ಟಿಗೆ, ಮೇಲೆ ಕರಿ ಬಣ್ಣದಲ್ಲಿ 'ಗಾಜು, ಜೋಪಾನ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಮಣೆ ಹಾಕಿ ಅಳೆದ ಗೂಡು ಬಚ್ಚಲಿನಲ್ಲಿ ಹೇಗೆ ಹಿಡಿದೀತು? ಕೂರಿಸಲು ಜಾಗ ಸಿಕ್ಕಿದ್ದು ಚೌಕದ ನಟ್ಟನಡುವೆ. ಸುತ್ತ ಮೂರು ಅಂತಸ್ತಿನ ಪಡಸಾಲೆಗಳು, ಎಲ್ಲ ಬಾಡಿಗೆದಾರರ ಬಾಗಿಲುಗಳೂ ಅತ್ತಲೇ ಮುಖ.

ಎದುರು ಮನೆಯ ಆಚಾರ್ಯರು ಬಂದು ಶವರಿನ ನಳ ಪರೀಕ್ಷಿಸಿದರು. "ರಾವಸಾಹೇಬ, ಈ ನಳದ ಒಳಗ ಚರ್ಮದ ಬಿಲ್ಲಿ ಇರತದ. ಅದನ್ನ ದಾಟಿ ಬಂದ ನೀರು ಮೈಲಿಗಿ."

ರಾವಸಾಹೇಬರ ಮುಖ ಬಿಳಿಚಿಕೊಂಡಿತು. ಬಹಳ ಬೇಡಿಕೊಂಡ ಮೇಲೆ ಆಚಾರ್ಯರು ಪರಿಹಾರ ಹೇಳಿದರು: ಶವರಿನ ಜಳಕ ಆದ ಕೂಡಲೇ ಬಚ್ಚಲಿಗೆ ಹೋಗಿ, ಹಂಡೆಯಲ್ಲಿನ ಬಾವಿ ನೀರಿನಿಂದ ಇನ್ನೊಮ್ಮೆ ಜಳಕ ಮಾಡಬೇಕು. ಅಂದರೆ ಮಾಡಿದ ಜಳಕದ ಕೊಳೆ ತೆಗೆಯಲು ಮತ್ತೊಂದು ಜಳಕ. ಇಷ್ಟಕ್ಕೂ ರಾವಸಾಹೇಬರು ಒಪ್ಪಿದರು. ಇಂಥವರಿಗೆ ಹೆಂಡತಿಯ ಒಂದು ಕದ ಮಾತ್ರ ಮೂವತ್ತು ವರ್ಷ ಭಾರವಾಗಿತ್ತು.

ಆ ಹೊತ್ತಿನಲ್ಲೇ ಕಾಕು ಬಾಗಿಲ ಮರೆಯಿಂದ ಕೇಳಿದರು: "ಆ ಪೆಟ್ಟಿಗಿ ಹಲಗಿ ನಾ ತಗೋಳಲ್ಯಾ?"

"ತಗೋ ತಗೋ, ಒಲಿಗೆ ಆಗತಾವ," ಎಂದರು ರಾವಸಾಹೇಬರು, ಗಾಜು ಒರೆಸುತ್ತ.

ಕಾಕು ನನ್ನ ಮುಖ ನೋಡಿದರು. ನನಗೆ ಅರ್ಥವಾಯಿತು. ನಮ್ಮ ಅಂಗಡಿಯ ಕೆಲಸ ಮಾಡುತ್ತಿದ್ದ, ಭೋರ ಎಂಬ ಊರಿನ ಕಡೆಯ ಬಡಿಗನನ್ನು ಮರುದಿನವೇ ಕಳಿಸಿಕೊಟ್ಟೆ.

ಉದ್ಘಾಟನೆ

ಜಳಕಕ್ಕೆ ಮುಹೂರ್ತ ನೋಡಿ, ಪೇಟೆಯವರಿಗೆಲ್ಲ ಆಮಂತ್ರಣ ಕೊಟ್ಟ ಮಹಾನುಭಾವ ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು. ಮಾರ್ಗಶಿರದ ಕೊರೆಯುವ ಚಳಿಯ ಬೆಳಗು. ಮೂರೂ ಅಂತಸ್ತಿನ ಕಟಕಟೆಗೆ ಜನ ಜೋತುಬಿದ್ದಿದ್ದರು. ರಾವಸಾಹೇಬರು ಗೂಡು ಹೊಕ್ಕರು. ಒಳಗೆ ಹೋದ ಮೇಲಷ್ಟೇ ಅವರಿಗೆ ಗಾಜಿನ ಗುಣ ತಿಳಿದದ್ದು. ತಾವು ಎಲ್ಲರನ್ನೂ ನೋಡಬಹುದಾದರೆ ಎಲ್ಲರೂ ತಮ್ಮನ್ನು ನೋಡಬಹುದು ಎಂಬ ಮಾತು ಕಾಲುವೆ ಖಾತೆಯಲ್ಲಿ ಯಾರೂ ಹೇಳಿರಲಿಲ್ಲ.

ಹಿಂದಿರುಗುವಂತಿಲ್ಲ. ಧೋತರ ಬಿಗಿಯಾಗಿ ಕಟ್ಟಿಕೊಂಡು ಮಣೆಯ ಮೇಲೆ ಕೂತು ನಳ ತಿರುಗಿಸಿದರು. ಬರ್ಫದಂಥ ನೀರು ನೆತ್ತಿಗೆ ಬಿತ್ತು. ಬಾಯಿ ತೆರೆದದ್ದು ಕಂಡಿತು, ಕೂಗು ಕೇಳಲಿಲ್ಲ.

"ರಾವಸಾಹೇಬ, ಪಾಠ ರಾಹಿಲೀ!" ಎಂದು ಮೇಲಿನ ಪಡಸಾಲೆಯಿಂದ ಒಬ್ಬ ಮರಾಠಿ ಮುದುಕ ಕೂಗಿದ. ಬೆನ್ನು ತಿಕ್ಕುವುದು ಉಳಿಯಿತಂತೆ! ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಮೈಗಂಟಿದ ಒದ್ದೆ ಧೋತರದಲ್ಲಿ, ಹಲ್ಲು ಕಟಕಟಿಸುತ್ತ, ಎರಡೂ ಕೈಯಿಂದ ಮಾನ ಮುಚ್ಚಿಕೊಂಡು ರಾವಸಾಹೇಬರು ಬಚ್ಚಲಿನ ಕಡೆ ಓಡಿದರು. ಅಲ್ಲಿ ಬಿಸಿನೀರು, ಅಲ್ಲಿ ಮಡಿ, ಅಲ್ಲಿ ಮರೆ. ಓಡಿದವರು ಗಕ್ಕನೆ ನಿಂತರು. ಸೀರೆ ಇರಲಿಲ್ಲ. ಅದರ ಜಾಗದಲ್ಲಿ ಹಿಂದಿನ ರಾತ್ರಿಯಷ್ಟೇ ಬಡಿಗ ಕೂರಿಸಿಹೋದ ದಪ್ಪ ಹಲಗೆಯ ಕದ, ಅದರ ಮೇಲೆ ಕರಿ ಅಕ್ಷರದಲ್ಲಿ 'ಗಾಜು, ಜೋಪಾನ'. ಒಳಗಿನಿಂದ ಚಿಲಕ. ತಂಬಿಗೆಯಿಂದ ನೀರು ಸುರಿಯುವ ಸದ್ದು, ಸಂದಿಯಿಂದ ಬೆಚ್ಚನೆಯ ಹಬೆ. ಆಗ ಹೊತ್ತು ಚೆನ್ನಾಗಿ ಏರಿತ್ತು. ಆ ವಾಡೆಯಲ್ಲಿ ಹೆಂಗಸೊಬ್ಬಳು ಬಿಸಿಲು ಬಂದ ಮೇಲೆ ಜಳಕಕ್ಕೆ ಕೂತದ್ದು ಅದೇ ಮೊದಲು.

ರಾವಸಾಹೇಬರು ಕದ ಬಡಿದರು. "ಯಾರ ಒಳಗ?"

"ನಾ ಇದ್ದೇನಿ," ಎಂದರು ಕಾಕು.

"ಲಗೂನ ತಗೀ! ಮಂದಿ ಎಲ್ಲಾ ನೋಡಲಿಕ್ಕತ್ತಾರ!"

ಒಳಗೆ ಇನ್ನೊಂದು ತಂಬಿಗೆ ನೀರು ನಿಧಾನವಾಗಿ ಸುರಿಯಿತು. ಇಡೀ ವಾಡೆ ಕಟಕಟೆಯಿಂದ ಬಗ್ಗಿ ಕೇಳುತ್ತಿತ್ತು.

"ನೋಡಲಿ ಬಿಡ್ರಿ," ಎಂದರು ಕಾಕು. "ಹೊರಗಿನವ್ರು ಯಾರಿದ್ದಾರ ಅಲ್ಲೆ? ಎಲ್ಲಾ ನಮ್ಮವ್ರ!"