ಪಂಚಮಿಯ ದಿನ ಉಗಿಯಲ್ಲಿ ಬೆಂದ ಬೋರ್ಡುಗಳು

ಮುಚ್ಚಿದ ಮುಚ್ಚಳವನ್ನು ಮುಚ್ಚಿದ ಹಾಗೆಯೇ ಇರಗೊಡದವರ ಮೇಲೆ ನಾನು ನೇರವಾಗಿ ಆರೋಪ ಹೊರಿಸುತ್ತೇನೆ. ಆರೋಪಿಗಳು ಅಪರಿಚಿತರೇನಲ್ಲ. ಮೊದಲನೆಯವರು ವಿಜಯಪುರದ ಅಂಚಿನಲ್ಲಿ ಸಣ್ಣದೊಂದು ಕಾರ್ಖಾನೆ ನಡೆಸುತ್ತಿರುವ ನನ್ನ ಸೋದರಮಾವ ಶ್ರೀಶೈಲ ಮಾಮಾ. ಎರಡನೆಯವರು, ಆ ಕಾರ್ಖಾನೆಗೆ ಕಾಲಿಡುವ ಸಮಸ್ತ ಗಿರಾಕಿಗಳು ಮತ್ತು ನೆಂಟರು. ಆರೋಪ ಹೊರಿಸುವುದು ನನಗೆ ಹೊಸದಲ್ಲ. ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಗ ಹಾಸ್ಟೆಲಿನ ತೆಳು ಸಾರಿನ ವಿರುದ್ಧ ಕುಲಪತಿಗಳವರೆಗೆ ಮನವಿ ಬರೆದವಳು ನಾನು. ಸಾರು ಗಟ್ಟಿಯಾಗಲಿಲ್ಲ, ನನ್ನ ವಾಕ್ಯಗಳು ಮಾತ್ರ ಗಟ್ಟಿಯಾದವು. ಇಂದಿಗೂ ಯಾವುದೋ ಕಚೇರಿ ಯಾವುದೋ ಕಡತವನ್ನು ಮುಚ್ಚಿಟ್ಟಿದೆ ಎಂದು ತಿಳಿದರೆ ಸಾಕು, ಪತ್ರಿಕೆಯ ಓದುಗರ ಅಂಕಣಕ್ಕೆ ನನ್ನದೊಂದು ಪತ್ರ ಹೋಗಿಯೇ ತೀರುತ್ತದೆ.

ನಮ್ಮ ಸೀಮೆಯಲ್ಲಿ ಮುಚ್ಚಳ ಎಂಬುದು ಒಂದು ಪ್ರಶ್ನೆ. ನೆಂಟರ ಮನೆಗೆ ಹೋದವರು ನೀರು ಕುಡಿದು, ಯೋಗಕ್ಷೇಮ ವಿಚಾರಿಸಿ, ನೇರ ಅಡುಗೆಮನೆಗೆ ನಡೆದು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಸರಿಸಿ "ಏನ್ ಮಾಡೀರಿ ಇವತ್ತ?" ಎಂದು ಕೇಳಿದಾಗಲೇ ಭೇಟಿ ಪೂರ್ಣವಾಗುತ್ತದೆ. ಹಾಗೆ ಮಾಡದೆ ಹೋದವರು ಏನೋ ಮನಸ್ತಾಪ ಇಟ್ಟುಕೊಂಡಿದ್ದಾರೆಂದು ಮನೆಯವರು ರಾತ್ರಿಯಿಡೀ ಚರ್ಚಿಸುತ್ತಾರೆ. ಈ ಪದ್ಧತಿಯಿಂದ ಬದನೆಕಾಯಿ ಪಲ್ಯಕ್ಕೆ ಯಾವ ಹಾನಿಯೂ ಇಲ್ಲ. ಆದರೆ ನಮ್ಮ ಕಾರ್ಖಾನೆಯಲ್ಲಿ ಬೇಯುವುದು ಪಲ್ಯವಲ್ಲ.

ನಾವು ಮಾಡುವುದು ಬೋರ್‌ವೆಲ್ ಮೋಟಾರಿನ ಮೊಬೈಲ್ ಸ್ಟಾರ್ಟರು. ರೈತ ಬಬಲೇಶ್ವರದ ಚಹಾದಂಗಡಿಯಲ್ಲಿ ಕುಳಿತು ಫೋನಿನಿಂದ ಒಂದು ಕರೆ ಮಾಡಿದರೆ ಜೈನಾಪುರದ ಹೊಲದಲ್ಲಿ ಮೋಟಾರು ಶುರುವಾಗಬೇಕು. ಅದನ್ನು ಆಗಿಸುವುದು ಪೆಟ್ಟಿಗೆಯೊಳಗಿನ ಒಂದು ಹಸಿರು ಸರ್ಕಿಟ್ ಬೋರ್ಡು. ಅದರ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಬಿಡಿಭಾಗಗಳನ್ನು ಬೆಸುಗೆಯ ಪೇಸ್ಟಿನ ಮೇಲೆ ಜೋಡಿಸಿ, ಪೇಸ್ಟು ಕರಗಿ ಹಿಡಿದುಕೊಳ್ಳುವಂತೆ ಕಾಯಿಸಬೇಕು. ಇದಕ್ಕೆಂದು ನಮ್ಮಲ್ಲಿದ್ದುದು ಬಿಸಿಗಾಳಿಯ ಹಳೆಯ ಓವನ್. ಅದರ ಸ್ವಭಾವ ಹೊಸದಾಗಿ ಕಲಿಯುತ್ತಿರುವ ಹುಡುಗಿ ಬಡಿದ ರೊಟ್ಟಿಯಂಥದು: ಒಂದು ಮೂಲೆ ಕರಕು, ಇನ್ನೊಂದು ಮೂಲೆ ಹಸಿ. ಸುಟ್ಟ ಬೋರ್ಡುಗಳನ್ನು ಚಿಮಟ ಹಿಡಿದು ರಿಪೇರಿ ಮಾಡುವುದೇ ನನ್ನ ಸ್ನಾತಕೋತ್ತರ ಪದವಿಯ ಸದ್ವಿನಿಯೋಗವಾಗಿತ್ತು.

ಹೀಗಾಗಿ ನಾನು ಮಾಮಾನ ಬೆನ್ನು ಹತ್ತಿ, ಆವಿಯಲ್ಲಿ ಬೆಸುಗೆ ಹಾಕುವ ಪುಟ್ಟ ಯಂತ್ರವೊಂದನ್ನು ಪರೀಕ್ಷಾರ್ಥವಾಗಿ ತರಿಸಿದೆ. ಮೆಚ್ಚಿದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಕಂಪನಿಯವರು ಬಂದು ಒಯ್ಯುವುದು ಎಂಬ ಕರಾರು. ಯಂತ್ರದ ತತ್ತ್ವ ನೋಡಿದರೆ ಮನಸ್ಸು ತಣಿಯುತ್ತದೆ. ತೊಟ್ಟಿಯ ತಳದಲ್ಲಿ ವಿಶೇಷವಾದ ಒಂದು ತಿಳಿ ದ್ರವ ಕುದಿಯುತ್ತದೆ. ಅದರ ಆವಿ ಗಾಳಿಗಿಂತ ಭಾರ, ಆದ್ದರಿಂದ ಮೇಲೆ ಹಾರಿಹೋಗದೆ ಕಂಬಳಿಯಂತೆ ತೊಟ್ಟಿಯಲ್ಲೇ ಮಲಗಿರುತ್ತದೆ. ಬೋರ್ಡನ್ನು ಆ ಕಂಬಳಿಯೊಳಗೆ ಇಳಿಸಿದರೆ ಆವಿಯು ತಣ್ಣನೆಯ ಬೋರ್ಡಿನ ಮೇಲೆ ಹನಿಗಟ್ಟಿ, ತನ್ನ ಶಾಖವನ್ನೆಲ್ಲ ಅದಕ್ಕೆ ಕೊಟ್ಟು, ಮತ್ತೆ ಕೆಳಗೆ ತೊಟ್ಟಿಕ್ಕುತ್ತದೆ. ಎಲ್ಲ ಮೂಲೆಗೂ ಒಂದೇ ಶಾಖ. ದ್ರವದ ಕುದಿಬಿಂದುವನ್ನು ಮೀರಿ ಒಂದಿಷ್ಟೂ ಏರುವುದಿಲ್ಲ, ಹಾಗಾಗಿ ಸುಡುವ ಮಾತೇ ಇಲ್ಲ. ಬಡವ ಬಲ್ಲಿದರೆನ್ನದೆ ಸಮನಾಗಿ ಹಂಚುವ ಇಂಥ ವ್ಯವಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಯಮ ಒಂದೇ: ಬೆಸುಗೆ ಮುಗಿದು ಆವಿ ಇಳಿಯುವವರೆಗೆ ಮುಚ್ಚಳ ತೆಗೆಯಬಾರದು. ತೆಗೆದರೆ ಗಾಳಿ ನುಗ್ಗಿ ಕಂಬಳಿ ಕದಡುತ್ತದೆ, ದುಬಾರಿ ದ್ರವ ಆವಿಯಾಗಿ ಹೊರಹೋಗುತ್ತದೆ, ಬೋರ್ಡು ಅರೆಬೆಂದು ಉಳಿಯುತ್ತದೆ.

ಆ ಒಂದೇ ನಿಯಮವನ್ನು ಮುರಿಯಲು ಜೈನಾಪುರದ ಗುರುಪಾದಗೌಡರು ಬಂದರು. ಅವರು ನಮ್ಮ ದೊಡ್ಡ ಗಿರಾಕಿ. ದ್ರಾಕ್ಷಿ ಬೆಳೆಗಾರರ ಗುಂಪಿನ ಪರವಾಗಿ ಸ್ಟಾರ್ಟರುಗಳಿಗೆ ಆರ್ಡರು ಕೊಟ್ಟವರು.

"ಇದೇನ್ರೀ ಶ್ರೀಶೈಲಪ್ಪ, ಹೊಸಾದು?"

"ಉಗಿ ಮಷಿನ್ ರೀ ಗೌಡ್ರ. ನಮ್ಮ ಸುನೀತಾ ತರಿಸ್ಯಾಳ. ಒಳಗ ನಿಮ್ಮ ಬೋರ್ಡ ಬೇಯಾಕತ್ತಾವ್ರಿ."

"ಹೌದಾ? ಬೆಂದಾವೇನು ನೋಡೂಣ ತಗೀರಿ."

ನಾನು ಕೈಯಲ್ಲಿದ್ದುದನ್ನು ಬಿಟ್ಟು ಓಡಿಬರುವಷ್ಟರಲ್ಲಿ ಮಾಮಾ ಮುಚ್ಚಳ ಎತ್ತಿಯಾಗಿತ್ತು. ಗೌಡರು ಬಗ್ಗಿ ನೋಡಿ, ಮೂಗು ಅರಳಿಸಿ, ನಿರಾಶರಾದರು. "ವಾಸನೀನ ಇಲ್ಲಲ್ಲೋ ಮಾರಾಯಾ!"

"ಗೌಡ್ರ, ಆವಿ ಎಲ್ಲಾ ಹೋತ್ರಿ!" ಎಂದು ನಾನು ಕೂಗಿದೆ.

"ಹೋಗಲಿ ಬಿಡ ತಂಗಿ. ಉಗಿ ಅಂದ ಮ್ಯಾಲ ಹೋಗೂದ."

ಮರುದಿನವೇ ಯಂತ್ರದ ಮೇಲೆ 'ತೆರೆಯಬಾರದು' ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಪರಿಣಾಮ ವಿಪರೀತವಾಯಿತು. ಅದುವರೆಗೆ ಯಂತ್ರವನ್ನು ಗಮನಿಸದಿದ್ದವರೂ ಫಲಕ ಓದಲೆಂದು ಹತ್ತಿರ ಬರತೊಡಗಿದರು. ಮಾಮಾ ಅವರಿಗೆ "ನೋಡ್ರಿ, ತೆರೀಬಾರದಂತ ಬರದಾಳ ನಮ್ಮ ಹುಡುಗಿ. ಅಕ್ಷರ ಎಷ್ಟು ದುಂಡಗ ಅದಾವ!" ಎಂದು ಅಭಿಮಾನದಿಂದ ತೋರಿಸಿ, ತೆರೆದು, ಒಳಗನ್ನೂ ತೋರಿಸುತ್ತಿದ್ದರು. ಟಿಕೋಟಾದ ಬೀಗರು, ಸಾರವಾಡದ ಟ್ರ್ಯಾಕ್ಟರಿನವರು, ದಾರಿ ತಪ್ಪಿ ವಿಳಾಸ ಕೇಳಲು ಬಂದ ಒಬ್ಬ ಸಜ್ಜನರು, ಯಾರೂ ನೋಡದೆ ಹೋಗಲಿಲ್ಲ. ದ್ರವದ ಮಟ್ಟ ಗೆರೆಗಿಂತ ಕೆಳಗಿಳಿಯತೊಡಗಿತು.

"ಲೇ ಸುನೀ, ನಿನ್ನ ಮಷಿನ್ ಎಣ್ಣಿ ಭಾಳ ಕುಡೀತೈತಿ" ಎಂದರು ಮಾಮಾ. ಆ ದ್ರವ ಅವರ ಬಾಯಲ್ಲಿ ಯಾವತ್ತೂ ಎಣ್ಣೆಯೇ.

"ಅದು ಕುಡಿಯೂದಿಲ್ಲ ಮಾಮಾ. ನೀವು ಮುಚ್ಚಳ ತಗದ ತಗದ ಹಾಳ ಮಾಡಾಕತ್ತೀರಿ."

"ಯಾರರ ಕುಡೀಲಿ, ಎಣ್ಣಿ ಇಳ್ಯಾಕತ್ತಿದ್ದು ಖರೆ. ಪಂಚಮಿ ಆದ ಮ್ಯಾಲ ಕಂಪನಿಯವ್ರು ಬರ್ತಾರ. ಅಷ್ಟರಾಗ ಹಿಂಗ ಇಳದ್ರ, ಒಯ್ರಿ ಅಂತೀನಿ."

ಹೊಣೆಗಾರಿಕೆಯನ್ನು ಯಂತ್ರದ ಮೇಲೆ ಹೊರಿಸಿ ಆಡಳಿತವು ಪಾರಾಗುವ ಈ ಪರಿಯನ್ನು ನಾನು ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಮಾತ್ರ ನಿರೀಕ್ಷಿಸಿದ್ದೆ. ಯಂತ್ರ ಹೋದರೆ ನಾನು ಮತ್ತೆ ಆ ಹಳೆಯ ಓವನ್ನಿನ ಮುಂದೆ, ಕೈಯಲ್ಲಿ ಚಿಮಟ, ಮೂಗಿಗೆ ಸುಟ್ಟ ವಾಸನೆ. ಪದವಿ ಪ್ರದಾನದ ಫೋಟೋದಲ್ಲಿ ನಗುತ್ತಿರುವ ಹುಡುಗಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ನಾಗರಪಂಚಮಿ ಬಂತು. ಬಿಡಿಭಾಗಗಳ ಪಾರ್ಸಲ್ಲು ತಡವಾಗಿ ಬಂದುದರಿಂದ ಗೌಡರ ಬೋರ್ಡುಗಳ ಜೋಡಣೆ ಹಬ್ಬದ ಹಿಂದಿನ ಸಂಜೆ ಮುಗಿಯಿತು. ಪೇಸ್ಟು ಒಣಗುವುದರೊಳಗೆ, ಅಂದರೆ ಹಬ್ಬದ ದಿನವೇ, ಬೆಸುಗೆ ಆಗಬೇಕು. ಎಣ್ಣೆ ಉಳಿಸಲೆಂದು ಮಾಮಾ ಓವನ್ನಿನ ಕಡೆಗೇ ನೋಡಿದರು. ಆದರೆ ಬಿಡಿಭಾಗ ಜೋಡಿಸುವ ಇಟ್ಟಂಗಿಹಾಳದ ಶೋಭಾ ತಲೆ ಅಲ್ಲಾಡಿಸಿದಳು.

"ಪಂಚಮಿ ದಿನ ಹಂಚ ಇಡಂಗಿಲ್ರಿ, ಕರಿಯಂಗಿಲ್ಲ. ಮನ್ಯಾಗ ರೊಟ್ಟಿ ಹಂಚ ಬೋರಲ ಹಾಕಿ ಬಂದು, ಇಲ್ಲಿ ಇಷ್ಟ ದೊಡ್ಡ ಹಂಚ ಹಚ್ಚಲೇನು?"

ನಾನು ಎದ್ದು ನಿಂತೆ. ಓವನ್ನು ಹಂಚಲ್ಲವೆಂದೂ, ಹಾವಿಗೂ ಓವನ್ನಿಗೂ ಕಾರ್ಯಕಾರಣ ಸಂಬಂಧವಿಲ್ಲವೆಂದೂ, ವೈಜ್ಞಾನಿಕ ಮನೋಭಾವವು ಪ್ರತಿ ನಾಗರಿಕನ ಕರ್ತವ್ಯವೆಂದೂ ವಿವರಿಸತೊಡಗಿದೆ. ಪಕ್ಕದ ಮೇಜಿನ ಶಾಹೀನಾ ನನ್ನ ಅಂಗಿಯ ತೋಳು ಜಗ್ಗಿದಳು. "ಮೇಡಂ, ಭಾಷಣ ಸಾಕ್ರಿ. ಒಲಿ ಹಚ್ಚಲಿಲ್ಲಂದ್ರ ರಜಾ ಸಿಗತೈತಿ. ಶೋಭಾನ ಊರಾಗ ಜೋಕಾಲಿ ಕಟ್ಟ್ಯಾರ, ನನ್ನೂ ಕರದಾಳ. ಆಡೂದಕ್ಕ ಯಾವ ಜಾತಿ, ಯಾವ ವಿಜ್ಞಾನ?"

ತೀರ್ಪಿಗಾಗಿ ಆಯಿಯನ್ನು ಕರೆಸಲಾಯಿತು. ಆಯಿ ಎಂದರೆ ಮಾಮಾನ ತಾಯಿ, ನನ್ನ ಅಜ್ಜಿ. ನಮ್ಮ ಮನೆತನದ ಸರ್ವೋಚ್ಚ ನ್ಯಾಯಾಲಯ. ಆಟೋದಿಂದಿಳಿದವಳೇ ಓವನ್ನಿನ ಬಾಗಿಲು ತೆಗೆದು ಕಪ್ಪಾದ ಒಳಗೋಡೆ ನೋಡಿ, "ಇದು ಹಂಚ. ಮುಟ್ಟಬ್ಯಾಡ್ರಿ" ಎಂದಳು. ಆಮೇಲೆ ನನ್ನ ಯಂತ್ರದ ಮುಂದೆ ನಿಂತಳು.

"ತಳದಾಗ ಏನ್ ಐತಿ?"

"ದ್ರವ ಐತಿ ಆಯಿ. ಕುದೀತೈತಿ."

"ಸಾಮಾನ ಅದರಾಗ ಮುಳಗತೈತೇನು?"

"ಇಲ್ಲ. ಮ್ಯಾಲ ಜಾಳಗಿ ಮ್ಯಾಲ ಇರತೈತಿ. ಆವಿ ಅಷ್ಟ ತಾಕತೈತಿ."

"ಮತ್ತ ಇದಕ್ಕ ಯಾರ್ ಹಂಚ ಅಂದವ್ರು ಬೇ? ಇದು ಉಗಿಯಾಗ ಕಡಬು ಕುಚ್ಚೂ ಭಾಂಡೆ. ಪಂಚಮಿಗೆ ಕುಚ್ಚಿದ ಕಡಬ ಅಲ್ಲೇನು ಮಾಡೂದು? ಹಚ್ಚ್ರಿ ಇದನ್ನ." ಎರಡು ಹೆಜ್ಜೆ ಹೋದವಳು ತಿರುಗಿ ನಿಂತು ಕೇಳಿದಳು: "ಹೂರಣ ಏನ್ ಹಾಕೀರಿ?"

ಹೀಗೆ ಆವಿ ಬೆಸುಗೆಗೆ ಧರ್ಮಸಮ್ಮತಿ ದೊರೆಯಿತು. ನನ್ನ ವಾದ ಸೋತು ನನ್ನ ಯಂತ್ರ ಗೆದ್ದಿತು. ಇದನ್ನು ಪ್ರತಿಭಟಿಸಬೇಕೋ ಸ್ವಾಗತಿಸಬೇಕೋ ತಿಳಿಯದೆ, ಜೀವನದಲ್ಲಿ ಮೊದಲ ಬಾರಿಗೆ, ನಾನು ಬಾಯಿ ಮುಚ್ಚಿಕೊಂಡೆ.

ಹಬ್ಬದ ಬೆಳಿಗ್ಗೆ ಆಯಿ ಕಡಬಿನ ಡಬ್ಬಿಯ ಸಮೇತ ನನ್ನೊಂದಿಗೇ ಬಂದಳು. ತಣ್ಣಗಿದ್ದ ತೊಟ್ಟಿಯ ಮುಚ್ಚಳ ತೆರೆದಿಟ್ಟು ನಾನು ಬೋರ್ಡು ತರಲು ತಿರುಗಿದ್ದೆನಷ್ಟೆ, ಹಿಂದೆ 'ಠಣ್' ಎಂದಿತು.

"ಏನ್ ಹಾಕಿದಿ ಆಯಿ?"

"ರೂಪಾಯಿ. ಯಾಕ ಹಂಗ ಬೆದರತಿ? ತೊಳದು, ಸೆರಗಿಗೆ ಒರಸೇ ಹಾಕೇನಿ. ತಳದಾಗ ನೀರ ಇರೂತನಾ ಕಟಕಟ ಅಂತೈತಿ. ಸಪ್ಪಳ ನಿಂತ್ರ ನೀರ ತೀರಿತಂತ ತಿಳ್ಕೋ. ಮುಚ್ಚಳ ತಗದ ನೋಡೂ ಕೆಲಸಾನ ಇಲ್ಲ."

"ಅದು ನೀರಲ್ಲ ಆಯಿ!"

"ನೀರಲ್ಲಂದ್ರ ನಾಳೆ ನನ್ನ ರೂಪಾಯಿ ನನಗ ತಗದ ಕೊಡು."

ನಾಣ್ಯ ಜಾಳಿಗೆಯ ಸಂದಿಯಿಂದ ಜಾರಿ ತಳ ಸೇರಿತ್ತು. ತೊಟ್ಟಿ ಬರಿದು ಮಾಡದೆ ಅದನ್ನು ತೆಗೆಯುವ ದಾರಿಯಿರಲಿಲ್ಲ, ಬರಿದು ಮಾಡುವಷ್ಟು ಹೊತ್ತೂ ಇರಲಿಲ್ಲ. ಆ ದ್ರವ ಉಕ್ಕನ್ನು ಏನೂ ಮಾಡುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಉಕ್ಕು ಯಂತ್ರವನ್ನು ಏನು ಮಾಡುತ್ತದೆಂಬುದು ಗೊತ್ತಿರಲಿಲ್ಲ. ಯಂತ್ರದ ಕೈಪಿಡಿಯಲ್ಲಿ ಅಜ್ಜಿಯರ ಬಗ್ಗೆ ಅಧ್ಯಾಯವೇ ಇರಲಿಲ್ಲ. ಬೋರ್ಡು ಇಳಿಸಿ, ಮುಚ್ಚಳ ಹಾಕಿ ಗುಂಡಿ ಒತ್ತಿದೆ. ಸ್ವಲ್ಪ ಹೊತ್ತಿಗೆ ತಳದಿಂದ ಸಣ್ಣಗೆ ಕಟಕಟ, ಕಟಕಟ ಎಂದು ಶುರುವಾಯಿತು. ಆಯಿ ಕುರ್ಚಿ ಎಳೆದುಕೊಂಡು ಯಂತ್ರದ ಪಕ್ಕ ಕುಳಿತಳು.

ಮಧ್ಯಾಹ್ನದ ಹೊತ್ತಿಗೆ, ಮಾಮಾನನ್ನು ಹಿಂದೆ ಹಾಕಿಕೊಂಡು ಗೌಡರು ಬಂದರು. ನಿರೀಕ್ಷೆಯಂತೆ ಅವರ ಕೈ ಮುಚ್ಚಳದತ್ತ ಹೋಯಿತು. ನನ್ನ ಎದೆಯೂ ಕಟಕಟ ಎಂದಿತು.

"ಯಪ್ಪಾ, ಸಪ್ಪಳ ಕೇಳವಲ್ದೇನು?" ಎಂದಳು ಆಯಿ. "ಕಟಕಟ ಅನ್ನಾಕತ್ತೈತಿ ಅಂದ್ರ ಬೇಯಾಕತ್ತೈತಿ. ಕುಂದ್ರು. ಕಡಬ ತಿನ್ನು."

ಗೌಡರ ಕೈ ನಡುದಾರಿಯಲ್ಲೇ ನಿಂತು ಹಿಂದಕ್ಕೆ ಬಂತು. ಅವರು ಕುಳಿತರು. ತಲೆ ಓರೆ ಮಾಡಿ, ಸಂಗೀತ ಕಛೇರಿಯಲ್ಲಿ ತಬಲಾ ಕೇಳುವವರಂತೆ ಕಿವಿಗೊಟ್ಟರು. "ಹೌದ್ ಬಿಡವಾ. ಚಂದ ಬೇಯಾಕತ್ತಾವ" ಎಂದು ಸಮಾಧಾನದಿಂದ ಕಡಬಿಗೆ ತುಪ್ಪ ಸುರಿದುಕೊಂಡರು. ಮಾಮಾ ಕೂಡ ಮುಚ್ಚಳ ಮುಟ್ಟಲಿಲ್ಲ. ಒಮ್ಮೆ ಮುಟ್ಟಲು ಹೋದಾಗ ಆಯಿ ಸೌಟು ಎತ್ತಿದಳೆಂಬುದನ್ನೂ ಇಲ್ಲಿ ನಮೂದಿಸಬೇಕು.

ಆಗ ನನಗೆ ಹೊಳೆದ ಸತ್ಯ ಅಷ್ಟೇನೂ ರುಚಿಸಲಿಲ್ಲ. ಜನರಿಗೆ ಬೇಕಾಗಿದ್ದುದು ಮುಚ್ಚಳ ತೆಗೆಯುವುದಲ್ಲ, ಒಳಗಿನ ಸುದ್ದಿ. ಊರಿನ ಕಚೇರಿಗಳೆಲ್ಲ ಬಾಗಿಲು ಮುಚ್ಚಿ ಫಲಕ ತೂಗುಹಾಕಿವೆ, ಒಳಗೇನು ನಡೆಯುತ್ತಿದೆ ಎಂದು ತಿಳಿಯುವ ಹಕ್ಕು ಪ್ರಜೆಗಳಿಗಿದೆ ಎಂದು ಪತ್ರಿಕೆಗೆ ಬರೆಯುವ ನಾನೇ, ನನ್ನ ಯಂತ್ರದ ಮೇಲೆ 'ತೆರೆಯಬಾರದು' ಎಂದು ಅಂಟಿಸಿ ಒಳಗಿನ ಒಂದು ಪಿಸುಮಾತನ್ನೂ ಹೊರಬಿಡದೆ ಕುಳಿತಿದ್ದೆ. ಫಲಕವನ್ನು ಆ ದಿನವೇ ಕಿತ್ತೆ. ಸದ್ದಿಲ್ಲದೆ ಕಿತ್ತೆ, ಏಕೆಂದರೆ ಪತ್ರಿಕಾ ಹೇಳಿಕೆ ಕೊಡುವಂಥ ವಿಷಯ ಅದಾಗಿರಲಿಲ್ಲ.

ಸಂಜೆಗೆ ಬೋರ್ಡುಗಳೆಲ್ಲ ಹೊರಬಂದವು. ಪ್ರತಿ ಬೆಸುಗೆಯೂ ಹಬ್ಬದ ಬೆಳ್ಳಿಬಟ್ಟಲಿನಂತೆ ಹೊಳೆಯುತ್ತಿತ್ತು. ಕರಕಿಲ್ಲ, ಹಸಿಯಿಲ್ಲ. ಯಂತ್ರ ತಣಿದ ಮೇಲೆ ಮಾಮಾ ಬಗ್ಗಿ ದ್ರವದ ಮಟ್ಟ ನೋಡಿದರು. ಬೆಳಿಗ್ಗೆ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲೇ ಇತ್ತು.

"ಇವತ್ತ ಎಣ್ಣಿ ಕುಡದಿಲ್ಲಲೇ ಇದು!"

"ಹಬ್ಬದ ದಿನ ಯಾವ ಮರ್ಯಾದಸ್ಥ ಕುಡೀತಾನೋ ಶ್ರೀಶೈಲಾ?" ಎಂದಳು ಆಯಿ.

ಮಾಮಾ ನಕ್ಕು, ಕಂಪನಿಯವರಿಗೆ ಆಗಲೇ ಫೋನು ಹಚ್ಚಿ, ಯಂತ್ರ ಇಲ್ಲೇ ಇರಲಿ ಎಂದುಬಿಟ್ಟರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಕುಣಿಯಲು ಒಂದು ಕಾಲು ಎತ್ತಿದ್ದೆ, ಅಷ್ಟರಲ್ಲಿ ಫೋನಿಗೆ ಶಾಹೀನಾ ಕಳಿಸಿದ ಚಿತ್ರ ಬಂತು. ಇಟ್ಟಂಗಿಹಾಳದ ಬೇವಿನ ಮರ, ಮುಗಿಲಿಗೆ ಕಾಲು ಚಾಚಿದ ಜೋಕಾಲಿ, ಅದರಲ್ಲಿ ಜೋಡಿಯಾಗಿ ನಿಂತು ಜೀಕುತ್ತಿರುವ ಶೋಭಾ ಮತ್ತು ಶಾಹೀನಾ. ಕೆಳಗೆ ಒಂದು ಸಾಲು: "ಮೇಡಂ, ನೀವು ಇರಬೇಕಿತ್ರಿ."

ಅದೇ ಗಳಿಗೆಯಲ್ಲಿ ಮಾಮಾ, ಉತ್ಸಾಹದ ಭರದಲ್ಲಿ, ಒಂದು ನೀತಿಯನ್ನೂ ಘೋಷಿಸಿದರು. "ಇನ್ನ ಚಿಂತಿಲ್ಲ. ಹಂಚ ಇಡಬಾರದ ಹಬ್ಬದಾಗೂ ಉಗಿ ಮಷಿನ್ ನಡಸೂಣು. ಅದನ್ನ ನಡಸಾಕ ಬರೂದು ಸುನೀ ಒಬ್ಬಾಕಿಗೆ. ಆಕೀ ಇರ್ತಾಳ." ಅಂದರೆ, ಓವನ್ನಿನ ಕಾಲದಲ್ಲಿ ನನಗೂ ಇದ್ದ ಪಂಚಮಿಯ ರಜೆಯನ್ನು ನಾನೇ ಹೋರಾಡಿ ತರಿಸಿದ ಯಂತ್ರವು ಸಂಪೂರ್ಣ ಶಾಸ್ತ್ರೋಕ್ತವಾಗಿ ಕಿತ್ತುಕೊಂಡಿತ್ತು.

ನಾನು ಮೌಖಿಕವಾಗಿ ಆಕ್ಷೇಪಿಸಿದೆ. ಪಂಚಮಿಗೂ ಓವನ್ನಿಗೂ ಸಂಬಂಧವಿಲ್ಲವೆಂದು ಭಾಷಣ ಮಾಡಿದವಳಿಗೆ ಪಂಚಮಿಯ ರಜೆಯೊಂದಿಗೆ ಏನು ಸಂಬಂಧ ಎಂದು ಮಾಮಾ ಮರುಪ್ರಶ್ನೆ ಹಾಕಿದ್ದಾರೆ. ಆ ಪ್ರಶ್ನೆಗೆ ನನ್ನ ಬಳಿ ವೈಜ್ಞಾನಿಕ ಉತ್ತರವಿಲ್ಲ. ಆದಕಾರಣ ಈ ಲಿಖಿತ ಮನವಿ.

ಮಾನ್ಯ ಶ್ರೀಶೈಲ ಮಾಮಾ ಅವರಲ್ಲಿ ಹಾಗೂ ಮೇಲ್ಮನವಿ ಪ್ರಾಧಿಕಾರವಾದ ಆಯಿಯವರಲ್ಲಿ ನನ್ನ ವಿನಂತಿ ಇಷ್ಟು. ಸದರಿ ಹಬ್ಬದಂದು ಸಲ್ಲಿಸಿದ ಸೇವೆಗೆ ಬದಲಿಯಾಗಿ ನನಗೆ ಒಂದು ಪೂರ್ಣ ದಿನದ ರಜೆ ಮಂಜೂರು ಮಾಡಬೇಕು. ನಾನು ಯಂತ್ರ ಕಾಯುತ್ತಿದ್ದಾಗ ಗೌಡರು ತಿಂದು ಮುಗಿಸಿದ ನನ್ನ ಪಾಲಿನ ಕಡಬುಗಳನ್ನು ಹೊಸದಾಗಿ ಕುಚ್ಚಿ ಕೊಡಬೇಕು. ರಜೆಯ ದಿನ ಯಂತ್ರ ನಡೆಸಲು ಶಾಹೀನಾಗೆ ತರಬೇತಿ ಕೊಡುವ ಹೊಣೆ ನನ್ನದು, ಅವಳ ಒಪ್ಪಿಗೆ ಪಡೆಯುವ ಹೊಣೆ ಆಡಳಿತದ್ದು. ಈ ಕುರಿತು ಕೈಗೊಂಡ ಕ್ರಮವನ್ನು ಲಿಖಿತ ಉತ್ತರದ ಮೂಲಕ ತಿಳಿಸಬೇಕು. ಅಲ್ಲಿಯವರೆಗೆ ಇಟ್ಟಂಗಿಹಾಳದ ಬೇವಿನ ಮರದಿಂದ ಜೋಕಾಲಿಯ ಹಗ್ಗವನ್ನು ಯಾರೂ ಬಿಚ್ಚಕೂಡದು.